ಗುಮ್ಮಟಕ್ಕೆ ತೊಡಿಸಿದ ಕವಚ

ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕುವುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಹಳೆಯ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಕೆಲಸ. ಮಳೆ ಕಡಿಮೆಯ ಸೀಮೆಯೇನೋ ಹೌದು. ಆದರೆ ಬಂದ ನಾಲ್ಕು ಹನಿಯೂ ಬಿರುಕನ್ನೇ ಹುಡುಕಿಕೊಂಡು ಬರುತ್ತವೆ. ಈ ತಾಲೂಕುಗಳ ಜನ ವಿಜಾಪುರಕ್ಕೆ ಹೋದಾಗ ದೂರದಿಂದಲೇ ಕಾಣುವ ಗೋಲಗುಮ್ಮಟವೂ ಒಂದು ಸೂರೇ ತಾನೆ? ಅದೂ ಒಮ್ಮೆ ಬಿರುಕು ಬಿಟ್ಟಿತ್ತು. ಅದಕ್ಕೂ ಹೊಸ ಹೊದಿಕೆ ಹಾಕಬೇಕಾಯಿತು. ಒಳಗೆ ಕೂಗಿ ಮರುದನಿ ಕೇಳಿ ನಲಿದು ಬಂದವರಲ್ಲಿ ಬಹುಮಂದಿಗೆ ಈ ಸಂಗತಿ ತಿಳಿಯದು.

1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಹನ ಗೋರಿಯಿದು. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ; ಬುಡದಲ್ಲಿ ಅದರ ದಪ್ಪ ಸುಮಾರು 10 ಅಡಿ. 18,000 ಚದರಡಿಗೂ ಮಿಕ್ಕಿದ ಹಜಾರದ ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು ಆ ಭಾರವನ್ನೆಲ್ಲ ಹೊತ್ತಿವೆ. ಇಟ್ಟಿಗೆಗಳ ನಡುವೆ ಸುಣ್ಣದ ಗಾರೆಯನ್ನು ಧಾರಾಳವಾಗಿ ತುಂಬಿದ್ದರಿಂದ ಇಡೀ ಗುಮ್ಮಟ ಒಂದೇ ಚಿಪ್ಪಿನಂತೆ ಗಟ್ಟಿಗೊಂಡಿತು.

ಆದರೂ ಗುಮ್ಮಟ ತನ್ನ ಭಾರಕ್ಕೆ ತಾನೇ ಬುಡದಲ್ಲಿ ಹೊರಕ್ಕೆ ಸರಿಯಲು ನೋಡುತ್ತದೆ. ಹಗಲಿನ ಉರಿಬಿಸಿಲಿಗೆ ಹಿಗ್ಗಿ, ಇರುಳಿನ ತಂಪಿಗೆ ಕುಗ್ಗುತ್ತದೆ. ಎಲ್ಲಿಯೋ ಒಂದು ಸೀಳು ಬಿಟ್ಟಿತೆಂದರೆ ನೀರಿಗೆ ದಾರಿಯಾಯಿತು. ಗೋಲಗುಮ್ಮಟದಲ್ಲಿ ಇಂಥ ಬಿರುಕುಗಳು ಕಂಡಾಗ, 1936-37ರಲ್ಲಿ, ಅದರ ಹೊರಮೈಗೆ ಉಕ್ಕಿನ ಬಲವುಳ್ಳ ಗುನೈಟ್ ಹೊದಿಕೆಯನ್ನು ಹಾಕಲಾಯಿತು.

ಗುನೈಟ್ ಎಂದರೆ ಸಿಂಪಡಿಸಿದ ಕಾಂಕ್ರೀಟು. ಇದರ ಹುಟ್ಟು ವಿಚಿತ್ರವಾದುದು. ಸತ್ತ ಪ್ರಾಣಿಗಳ ತೊಗಲಿಗೆ ಜೀವಕಳೆ ತುಂಬಿ ನಿಲ್ಲಿಸುತ್ತಿದ್ದ ಅಮೆರಿಕದ ಕಾರ್ಲ್ ಏಕ್ಲಿ, ಶಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದ ಕಳಚಿ ಬೀಳುತ್ತಿದ್ದ ಹೊರಗೋಡೆಗಾಗಿ 1907ರ ಸುಮಾರಿಗೆ ಈ ಯಂತ್ರವನ್ನು ರೂಪಿಸಿದ. ಒಣಗಿದ ಮರಳು-ಸಿಮೆಂಟಿನ ಮಿಶ್ರಣವನ್ನು ಗಾಳಿಯ ಒತ್ತಡ ಕೊಳವೆಯಲ್ಲಿ ದೂಡುತ್ತದೆ; ಮೂತಿಯ ಬಳಿ ನೀರು ಬಂದು ಕೂಡುತ್ತದೆ; ಗಾರೆ ರಭಸದಿಂದ ಹೋಗಿ ಗೋಡೆಗೆ ಅಪ್ಪಳಿಸಿ ಕಚ್ಚಿಕೊಳ್ಳುತ್ತದೆ. ಹಲಗೆಯ ಅಚ್ಚು ಬೇಡ. ಇಳಿಜಾರು ಮೈಗೆ, ಅದರಲ್ಲಿಯೂ ಗುಮ್ಮಟದ ಬೆನ್ನಿಗೆ, ಇದಕ್ಕಿಂತ ಅನುಕೂಲವಾದ ಉಪಾಯ ಯಾವುದು? ಜರ್ಮನಿಯ ಯೇನಾ ನಗರದಲ್ಲಿ 1926ರಲ್ಲಿ ತೆರೆದ ತಾರಾಲಯದ 25 ಮೀಟರು ವ್ಯಾಸದ ಗುಮ್ಮಟವನ್ನು ಉಕ್ಕಿನ ಬಲೆಯ ಮೇಲೆ ಹೀಗೆಯೇ ಕಟ್ಟಿದರು. ಅದರ ದಪ್ಪ ಬರಿಯ 6 ಸೆಂಟಿಮೀಟರು! ಹತ್ತು ಅಡಿಯ ವಿಜಾಪುರದ ಗುಮ್ಮಟಕ್ಕೆ ಆಸರೆಯಾಗಿ ಬಂದುದು ಅದೇ ತೆಳುಮೈಯ ವಿದ್ಯೆ.

ಸುಣ್ಣಕ್ಕೆ ಸಿಮೆಂಟನ್ನು ಹೊದಿಸಿದ್ದು ಸರಿಯೆ? ಇಂದು ಕೇಳಲೇಬೇಕಾದ ಪ್ರಶ್ನೆಯಿದು. ಸುಣ್ಣದ ಗಾರೆ ಮೆತ್ತಗಿನದು. ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ, ಸಣ್ಣಪುಟ್ಟ ಅಲುಗಾಟಕ್ಕೆ ಒಗ್ಗಿಕೊಳ್ಳುತ್ತದೆ. ಸಿಮೆಂಟು ಬಿರುಸು, ಒಳಸೇರಿದ ನೀರನ್ನು ಅಲ್ಲಿಯೇ ಹಿಡಿದಿಟ್ಟುಕೊಳ್ಳುವುದೂ ಉಂಟು. ಅದರೊಳಗಿನ ಉಕ್ಕಿಗೆ ನೀರು ತಾಗಿದರೆ ತುಕ್ಕು ಉಬ್ಬಿ ಹೊದಿಕೆಯನ್ನೇ ಸೀಳೀತು. ಹಳೆಯ ಕಟ್ಟಡಗಳ ರಕ್ಷಣೆಗೆಂದು 1964ರಲ್ಲಿ ವೆನಿಸ್ಸಿನಲ್ಲಿ ಒಪ್ಪಿಕೊಂಡ ಸನ್ನದು, ಸಾಂಪ್ರದಾಯಿಕ ವಿಧಾನ ಸಾಲದೆಹೋದಾಗ ಹೊಸ ವಿಧಾನ ಬಳಸಬಹುದೆನ್ನುತ್ತದೆ. ಆದರೆ ಅದು ಪರೀಕ್ಷೆಗೂ ಅನುಭವಕ್ಕೂ ನಿಂತದ್ದಾಗಿರಬೇಕು. 1936ರಲ್ಲಿ ಗುನೈಟಿಗೆ ಮೂವತ್ತು ವರ್ಷ, ಗುಮ್ಮಟಕ್ಕೆ ಇನ್ನೂರೆಂಬತ್ತು.

ಅಂದು ದುರಸ್ತಿಗೆ ನಿಂತವರನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಬಿರುಕು ಕಣ್ಣೆದುರಿಗಿತ್ತು, ಕೈಗೆ ಸಿಕ್ಕ ಒಳ್ಳೆಯ ಮದ್ದನ್ನು ಹಾಕಿದರು. ಆದರೆ ಆ ಕವಚಕ್ಕೇ ಈಗ ತೊಂಬತ್ತರ ಸಮೀಪದ ವಯಸ್ಸು. ಗುಮ್ಮಟವನ್ನು ಕಾಯಲು ತೊಡಿಸಿದ ಅದನ್ನು ಈಗ ನಾವು ಕಾಯಬೇಕು. ಒಮ್ಮೆ ಮಣ್ಣು ಹಾಕಿದರೆ ಮಾಳಿಗೆಯ ಚಿಂತೆ ಮುಗಿಯಿತೆಂದು ಇಂಡಿಯ ರೈತನಾಗಲಿ ಮುದ್ದೇಬಿಹಾಳದ ರೈತನಾಗಲಿ ಎಂದೂ ನಂಬಿದವನಲ್ಲ. ಮುಂದಿನ ಮಳೆಗೆ ಮುನ್ನ ಅವನು ಮತ್ತೆ ಏಣಿ ಹತ್ತುತ್ತಾನೆ.