ಫೋನಿನ ಸಂದೇಶ ಲ್ಯಾಪ್‌ಟಾಪಿಗೆ ಬರುವಾಗ: ಚಾಮರಾಜನಗರ ಸೀಮೆಯಿಂದ ಒಂದು ಟಿಪ್ಪಣಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಆಡುಮಾತಿನಲ್ಲಿ ‘ಮನೆಗೆ’ ಎಂಬುದು ‘ಮನಗ’ ಆಗುತ್ತದೆ, ‘ಯಾಕೆ’ ಎಂಬುದು ‘ಯಾಕ’. ಈ ಮಾತು ಅಚ್ಚಿನಲ್ಲಿ ಸಿಗುವುದು ಅಪರೂಪ. ಪಕ್ಕದ ನಂಜನಗೂಡು ಸೀಮೆಯ ನುಡಿಯನ್ನು ದೇವನೂರ ಮಹಾದೇವ ತಮ್ಮ ‘ಕುಸುಮಬಾಲೆ’ ಕಾದಂಬರಿಗೆ ತಂದಾಗ ಅದು ಕನ್ನಡಕ್ಕೇ ಹೊಸತಾಗಿ ಕಂಡಿತ್ತು. ಇಂದು ಇಂಥ ಮಾತನ್ನು ಜನ ಫೋನಿನಲ್ಲಿ ತಾವೇ ಬರೆಯುತ್ತಾರೆ. ಕೆಲವರದು ಕನ್ನಡ ಲಿಪಿ, ಕೆಲವರದು ಇಂಗ್ಲಿಷ್ ಅಕ್ಷರ. ನುಡಿಯ ಅಭ್ಯಾಸಿಗೆ ಇದಕ್ಕಿಂತ ನೇರವಾದ ಲಿಖಿತ ಸಾಕ್ಷ್ಯ ಬೇರಿಲ್ಲ. ಅದನ್ನು ಲ್ಯಾಪ್‌ಟಾಪಿಗೆ ತರುವ ದಾರಿಯಲ್ಲಿ ಏನೇನು ಕಳೆದುಹೋಗುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲು ಒಂದು ಗೊಂದಲ ಬಿಡಿಸಬೇಕು. ಜೋಡಣೆ ಬೇರೆ, ಪ್ರತಿ ಬೇರೆ. 2018ರಲ್ಲಿ ಗೂಗಲ್ ತನ್ನ ಮೆಸೇಜಸ್ ಆ್ಯಪನ್ನು ಬ್ರೌಸರಿನಲ್ಲೂ ತೆರೆಯುವಂತೆ ಮಾಡಿತು. ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಸಂದೇಶಗಳು ಲ್ಯಾಪ್‌ಟಾಪಿನ ಪರದೆಗೆ ಬರುತ್ತವೆ. ಆದರೆ ಹೀಗೆ ಜೋಡಿಸಿದಾಗ ಸಿಮ್ ಇರುವುದೂ ಸಂದೇಶ ಉಳಿಯುವುದೂ ಫೋನಿನಲ್ಲೇ. ಫೋನ್ ಆರಿದರೆ ಪರದೆಯ ಮೇಲಿನ ಓಡಾಟವೂ ನಿಲ್ಲುತ್ತದೆ. ಫೋನಿನಲ್ಲಿ ಅಳಿಸಿದ್ದು ಲ್ಯಾಪ್‌ಟಾಪಿನಲ್ಲೂ ಇರುವುದಿಲ್ಲ. ದಿನದ ಬಳಕೆಗೆ ಇದು ಸಾಕು, ಸಂಗ್ರಹಕ್ಕೆ ಸಾಲದು. ಸಂಗ್ರಹಿಸುವವರು ‘ಎಸ್‌ಎಂಎಸ್ ಬ್ಯಾಕಪ್ ಅಂಡ್ ರಿಸ್ಟೋರ್’ನಂಥ ಆ್ಯಪಿನಿಂದ ಕಡತವನ್ನೇ ತೆಗೆದು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬೇಕು.

ಆ ಕಡತವನ್ನು ತೆರೆದರೆ ಪ್ರತಿ ಸಂದೇಶಕ್ಕೂ ಎರಡು ಕಾಲಗಳ ಜಾಗ ಕಾಣುತ್ತದೆ. ಒಂದು, ಸಂದೇಶ ಈ ಫೋನಿಗೆ ಬಂದ ವೇಳೆ. ಇನ್ನೊಂದು, ಬಂದ ಸಂದೇಶಕ್ಕೆ ಮೊಬೈಲ್ ಕಂಪನಿಯ ಸಂದೇಶ ಕೇಂದ್ರ ಒತ್ತಿದ ವೇಳೆ. ಬೆಂಗಳೂರಿನಲ್ಲಿ ಇವೆರಡರ ನಡುವೆ ಸಾಮಾನ್ಯವಾಗಿ ಕೆಲವೇ ಕ್ಷಣಗಳ ಅಂತರ. ಗುಂಡ್ಲುಪೇಟೆಯಲ್ಲಿ ಹಾಗೆಂದು ನಂಬಿ ಕೂರುವಂತಿಲ್ಲ. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್, ಸುಲ್ತಾನ್ ಬತ್ತೇರಿ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟ್ ದಾಟಿದರೆ ಬಂಡೀಪುರದ ಕಾಡು, ಸಿಗ್ನಲ್ ತಪ್ಪುತ್ತದೆ. ಬಸ್ಸು ಕಾಡಿನಲ್ಲಿರುವಾಗ ಮನೆಯಿಂದ ಸಂಜೆ 6ಕ್ಕೆ ‘ಎಲ್ಲಿದ್ದಯ್ಯಾ’ ಎಂದು ಕಳಿಸಿದ್ದು ಕೇಂದ್ರದಲ್ಲೇ ಕಾದಿದ್ದು, ಆಚೆ ಬದಿಯಲ್ಲಿ ಸಿಗ್ನಲ್ ಸಿಕ್ಕಾಗ ಫೋನಿಗೆ ಇಳಿಯುತ್ತದೆ. ಬಂದ ವೇಳೆಯೊಂದನ್ನೇ ಇಟ್ಟುಕೊಂಡರೆ ಪ್ರಶ್ನೆ ಉತ್ತರಗಳ ಕ್ರಮವೇ ತಲೆಕೆಳಗಾದೀತು. ಎರಡನ್ನೂ ಉಳಿಸಲೇಬೇಕು ಎನ್ನುತ್ತೇನೆ.

ವೇಳೆಯನ್ನು ಬರೆದಿಟ್ಟಿರುವ ರೀತಿಯೂ ಎಚ್ಚರ ಬೇಡುತ್ತದೆ. 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳ 13 ಅಂಕೆಯ ಸಂಖ್ಯೆ ಅದು. 1700000000000 ಎಂಬುದನ್ನು ಗ್ರೀನಿಚ್ ಕಾಲದಲ್ಲಿ ಓದಿದರೆ 2023ರ ನವೆಂಬರ್ 14ರ ರಾತ್ರಿ 10 ಗಂಟೆ 13 ನಿಮಿಷ. ನಮ್ಮ ಐದೂವರೆ ಗಂಟೆ ಕೂಡಿಸಿದರೆ ನವೆಂಬರ್ 15ರ ಬೆಳಗಿನ ಜಾವ 3 ಗಂಟೆ 43 ನಿಮಿಷ. ಕೂಡಿಸಲು ಮರೆತರೆ ದಿನವೇ ತಪ್ಪುತ್ತದೆ.

ಇನ್ನು ಅಕ್ಷರದ ಮಾತು. ಒಂದು ಎಸ್‌ಎಂಎಸ್‌ಗೆ ಸಿಗುವ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಯುತ್ತವೆ. ಕನ್ನಡಕ್ಕೆ ಸಾಮಾನ್ಯವಾಗಿ 16 ಬಿಟ್ ಬೇಕು, 70 ಮಾತ್ರ ಹಿಡಿಯುತ್ತವೆ. ಅದರಲ್ಲೂ ಸ್ವರಚಿಹ್ನೆ, ಸೊನ್ನೆ, ಅರ್ಧಾಕ್ಷರ ಮಾಡುವ ವಿರಾಮ (್) ಎಲ್ಲಕ್ಕೂ ಬೇರೆಬೇರೆ ಲೆಕ್ಕ. ‘ಗುಂಡ್ಲುಪೇಟೆ’ ಕಣ್ಣಿಗೆ ನಾಲ್ಕಕ್ಷರ, ಲೆಕ್ಕಕ್ಕೆ 11: ಗ, ಉಕಾರ, ಸೊನ್ನೆ, ಡ, ವಿರಾಮ, ಲ, ಉಕಾರ, ಪ, ಏಕಾರ, ಟ, ಎಕಾರ. ಸಂದೇಶ ತುಂಡಾಗಿ ಹೋದರೆ ಪ್ರತಿ ತುಂಡಿಗೂ 67ರಷ್ಟೇ ಜಾಗ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿಗೆ ಹಳೆಯ ಫೋನುಗಳಲ್ಲಿ ಕನ್ನಡವಿಲ್ಲದ್ದು ಮಾತ್ರವಲ್ಲ, ಸಂದೇಶಕ್ಕಿಷ್ಟೆಂದು ದುಡ್ಡು ಕೊಟ್ಟ ದಿನಗಳ ಈ ಇಕ್ಕಟ್ಟೂ ಕಾರಣವೆಂದು ನನ್ನ ಅಭಿಪ್ರಾಯ.

ಲ್ಯಾಪ್‌ಟಾಪಿನಲ್ಲಿ ಹುಡುಕುವಾಗ ಇನ್ನೊಂದು ತೊಡಕು. ‘ಲ್ಯಾಪ್‌ಟಾಪ್’ ಎಂಬಲ್ಲಿ ‘ಪ’ಕ್ಕೆ ‘ಟ’ ಒತ್ತಾಗಿ ಇಳಿಯದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದಿಲ್ಲದೆ ಟೈಪಿಸಿದರೆ ಅದೇ ಪದ ಹುಡುಕಾಟಕ್ಕೆ ಸಿಗದೇ ಹೋಗಬಹುದು. ಹಾಗೆಂದು ಮೂಲವನ್ನು ತಿದ್ದಬಾರದು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’, ‘ಬರಹ’ ಫಾಂಟುಗಳಿಗೆ ಹೊಂದಿಸಲು ಹೋದರೂ ಅಕ್ಷರ ಕೆಡುತ್ತದೆ. ಮೂಲ ಕಡತ ಹಾಗೇ ಇರಲಿ. ತಿದ್ದುವುದು, ವಿಂಗಡಿಸುವುದು ಅದರ ನಕಲಿನಲ್ಲಿ ನಡೆಯಲಿ. ‘ಮನಗ’ವನ್ನು ‘ಮನೆಗೆ’ ಮಾಡಿದ ಕೂಡಲೇ ನಾವು ಹುಡುಕಿ ಬಂದ ಸಾಕ್ಷ್ಯವೇ ಹೋಯಿತು.

ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ, ಹನೂರಿನ ಓದುಗರಲ್ಲಿ ಒಂದು ಕೋರಿಕೆ. ಹಳೆಯ ಫೋನನ್ನು ಅಂಗಡಿಗೆ ಕೊಡುವ ಮುನ್ನ ಅದರ ಸಂದೇಶಗಳ ಕಡತ ತೆಗೆದಿಡಿ. ಬ್ಯಾಂಕಿನ ಒಟಿಪಿ, ಖಾತೆಯ ವಿವರಗಳನ್ನು ಬೇರ್ಪಡಿಸಿ ಅಳಿಸಿ. ಅಭ್ಯಾಸಕ್ಕೆ ಯಾರಿಗಾದರೂ ಕೊಡುವುದಾದರೆ ಆಚೆ ಬದಿಯಲ್ಲಿ ಬರೆದವರ ಒಪ್ಪಿಗೆಯನ್ನೂ ಕೇಳಿ ಪಡೆಯಿರಿ.