ಶೋಕದ ಅಳತೆ, ನುಡಿಯ ತೊಡಕು: ಬಾಳಸಂಗಾತಿಯನ್ನು ಕಳೆದುಕೊಂಡವರ ಪ್ರಶ್ನಾವಳಿಗಳು ಸ್ಪ್ಯಾನಿಷ್‌ಗೆ ಬಂದ ಬಗೆ

ಪೀಠಿಕೆ

ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಶೋಕವನ್ನು ಅಂಕಿಗಳಲ್ಲಿ ಗುರುತಿಸುವ ಮೂರು ಮುಖ್ಯ ಪ್ರಶ್ನಾವಳಿಗಳು ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ ಹುಟ್ಟಿದವು. 2001ರಿಂದ 2009ರ ನಡುವೆ ಸ್ಪೇನಿನ ಸಂಶೋಧಕರು ಅವುಗಳನ್ನು ತಮ್ಮ ನುಡಿಗೆ ಒಗ್ಗಿಸಿಕೊಂಡರು. ಇಂಥ ಕೆಲಸದಲ್ಲಿ ಪದಗಳನ್ನು ಹೊಂದಿಸುವುದು ಮೊದಲ ಮೆಟ್ಟಿಲು ಮಾತ್ರ. ಸತ್ತವರ ಮನೆಯವರು ಹೇಗಿರಬೇಕೆಂದು ಸಮಾಜ ಬಯಸುತ್ತದೆ ಎಂಬುದನ್ನು ತಿಳಿಯದೆ ಆ ಅಂಕಗಳನ್ನು ಸರಿಯಾಗಿ ಓದಲಾಗದು ಎಂಬುದು ಈ ಲೇಖನದ ವಾದ.

ಅಳತೆಯ ಹುಟ್ಟು

1942ರ ನವೆಂಬರ್ 28ರಂದು ಬಾಸ್ಟನ್ನಿನ ಕೊಕೊನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಅಲ್ಲಿ ತಮ್ಮವರನ್ನು ಕಳೆದುಕೊಂಡವರೂ ಸೇರಿದಂತೆ 101 ಮಂದಿಯನ್ನು ಗಮನಿಸಿ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ತೀವ್ರ ಶೋಕದ ಲಕ್ಷಣಗಳನ್ನು ವಿವರಿಸಿದರು. ಮುಂದೆ ಸಂಶೋಧಕರ ಗಮನ ಹೆಚ್ಚಾಗಿ ಬಾಳಸಂಗಾತಿಯನ್ನು ಕಳೆದುಕೊಂಡವರ ಕಡೆ ಹೊರಳಿತು. ಕಾರಣ ಗಟ್ಟಿಯಾಗಿಯೇ ಇತ್ತು. ಬ್ರಿಟನ್ನಿನ 4,486 ವಿಧುರರ ಅಧ್ಯಯನದಲ್ಲಿ, ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಸುಮಾರು ಶೇ 40ರಷ್ಟು ಏರಿದ್ದು ಕಂಡುಬಂದಿತ್ತು. ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಬದುಕಿನ ಏರುಪೇರುಗಳಿಗೆ ಅಂಕ ಕೊಟ್ಟಾಗ, ಸಂಗಾತಿಯ ಸಾವಿಗೆ ಅತಿ ಹೆಚ್ಚಿನ 100 ಸಂದಿತು.

ಪ್ರಶ್ನಾವಳಿಗಳು ಬಂದದ್ದು ಆ ಬಳಿಕ. ಕ್ಯಾಥರೀನ್ ಸ್ಯಾಂಡರ್ಸ್ ಮತ್ತು ಸಂಗಡಿಗರ ಶೋಕಾನುಭವ ಪ್ರಶ್ನಾವಳಿಯಲ್ಲಿ ಹೌದು-ಅಲ್ಲ ಎಂದು ಉತ್ತರಿಸುವ 135 ಹೇಳಿಕೆಗಳಿದ್ದವು. ಟೆಕ್ಸಾಸ್ ಪರಿಷ್ಕೃತ ಶೋಕ ಪ್ರಶ್ನಾವಳಿಯ ಎರಡು ಮುಖ್ಯ ಭಾಗಗಳಲ್ಲಿ, ಸಾವಿನ ಆಸುಪಾಸಿನ ನಡವಳಿಕೆಗೆ 8 ಹಾಗೂ ಇಂದಿನ ಭಾವನೆಗಳಿಗೆ 13 ಹೇಳಿಕೆಗಳು ಮೀಸಲಾಗಿದ್ದವು. 1995ರಲ್ಲಿ ಹಾಲಿ ಪ್ರಿಗರ್ಸನ್ ತಂಡ, ಸಂಗಾತಿಯನ್ನು ಕಳೆದುಕೊಂಡ 97 ಹಿರಿಯರ ನೆರವಿನಿಂದ 19 ಹೇಳಿಕೆಗಳ ಜಟಿಲ ಶೋಕ ಪ್ರಶ್ನಾವಳಿಯನ್ನು ರೂಪಿಸಿತು. ಅದರ ಒಟ್ಟು ಅಂಕ 76. 25ನ್ನು ಮೀರಿದವರತ್ತ ಹೆಚ್ಚಿನ ನಿಗಾ ಬೇಕೆಂದು ಅದು ಸೂಚಿಸಿತು.

ಸ್ಪೇನಿನಲ್ಲಿ

ಸ್ಪೇನಿನಲ್ಲಿ ಈ ಕೆಲಸ ಮೊದಲು ಬೇರೂರಿದ್ದು ಬಾಸ್ಕ್ ಪ್ರಾಂತದ ಬಿಸ್ಕಾಯಾದಲ್ಲಿ, ಪ್ರಾಥಮಿಕ ಆರೋಗ್ಯ ಸೇವೆಯ ನಡುವೆ. ಶೋಕದಲ್ಲಿರುವವರು ಮೊದಲು ಎಡತಾಕುವುದು ಮನೋವೈದ್ಯರನ್ನಲ್ಲ. ನಿದ್ದೆ ಬರುತ್ತಿಲ್ಲ, ಎದೆ ಭಾರ ಎನ್ನುತ್ತಾ ಅವರು ಹೋಗುವುದು ಕುಟುಂಬ ವೈದ್ಯರ ಬಳಿಗೆ. ಗಾರ್ಸಿಯಾ-ಗಾರ್ಸಿಯಾ, ಲಾಂಡಾ ಪೆಟ್ರಾಲಾಂಡಾ ಮತ್ತಿತರರು 2001ರಲ್ಲಿ ಸ್ಯಾಂಡರ್ಸರ ಪ್ರಶ್ನಾವಳಿಯ ಸ್ಪ್ಯಾನಿಷ್ ರೂಪವನ್ನೂ, 2005ರಲ್ಲಿ ಟೆಕ್ಸಾಸ್ ಪ್ರಶ್ನಾವಳಿಯದ್ದನ್ನೂ ಪ್ರಕಟಿಸಿದರು. 2009ರಲ್ಲಿ ಹೊಆಕಿನ್ ಲಿಮೊನೆರೊ ಅವರ ತಂಡ, ಸ್ವತಃ ಪ್ರಿಗರ್ಸನ್ ಜೊತೆಗೂಡಿ, ಜಟಿಲ ಶೋಕ ಪ್ರಶ್ನಾವಳಿಯನ್ನು ತಂದಿತು.

ಇಂಥ ಕೆಲಸಕ್ಕೆ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಹಿಮ್ಮರಳು ಅನುವಾದ ಒಂದು ಆಧಾರ. ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ಮತ್ತೆ ಮೂಲಭಾಷೆಗೆ ತರುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟಾಗ ಅರ್ಥ ಎಲ್ಲಿ ಜಾರಿತೆಂಬುದು ಕಾಣುತ್ತದೆ. ವಿಶ್ವಾಸಾರ್ಹತೆ, ಸಿಂಧುತ್ವಗಳ ಪರೀಕ್ಷೆ ಅನಂತರದ್ದು.

ಪದದ ಆಚೆಗೆ

ಇಂಗ್ಲಿಷಿನಲ್ಲಿ ಅಗಲಿಕೆಯ ಸ್ಥಿತಿಗೊಂದು, ಒಳಗಿನ ದುಃಖಕ್ಕೊಂದು, ಅದರ ಆಚರಣೆಗೊಂದು ಹೀಗೆ ಮೂರು ಪದಗಳಿವೆ. ಸ್ಪ್ಯಾನಿಷಿನ ‘ದುಎಲೊ’ ಈ ಮೂರನ್ನೂ ಹೊರಬಲ್ಲದು. ಕಪ್ಪು ಬಟ್ಟೆ, ಮನೆಯೊಳಗಿನ ವಾಸ ಮೊದಲಾದ ಹೊರಗಿನ ನಿಯಮಗಳಿಗೆ ‘ಲುತೊ’ ಎಂಬ ಬೇರೆ ಪದವಿದೆ. ನಮ್ಮಲ್ಲಿ ಶೋಕ ಬೇರೆ, ಸೂತಕ ಬೇರೆ ಇದ್ದಂತೆ. ಸ್ಪೇನಿನ ನಾಟಕಕಾರ ಲೋರ್ಕಾ 1936ರಲ್ಲಿ ಬರೆದ ‘ಬೆರ್ನಾರ್ದಾ ಆಲ್ಬಾಳ ಮನೆ’ ನಾಟಕದಲ್ಲಿ ವಿಧವೆ ತಾಯಿ ಹೆಣ್ಣುಮಕ್ಕಳ ಮೇಲೆ ಹೇರುವ ಎಂಟು ವರ್ಷಗಳ ಲುತೊ, ಆ ನಿಯಮ ಎಷ್ಟು ಬಿಗಿಯಾಗಬಲ್ಲದೆಂದು ತೋರಿಸುತ್ತದೆ.

ಟೆಕ್ಸಾಸ್ ಪ್ರಶ್ನಾವಳಿಯ ಮೊದಲ ಭಾಗ, ಸಾವಿನ ನಂತರದ ಮೂರು ತಿಂಗಳು ದಿನನಿತ್ಯದ ಚಟುವಟಿಕೆ ನಡೆಸಲಾಗಲಿಲ್ಲವೇ ಎಂದು ವಿಚಾರಿಸುತ್ತದೆ. ಕಟ್ಟುನಿಟ್ಟಾದ ಲುತೊ ಪಾಲಿಸಿದ ಹಳ್ಳಿಯ ವೃದ್ಧೆ ಇದಕ್ಕೆ ‘ಪೂರ್ತಿ ನಿಜ’ ಎಂದರೆ, ಆ ಅಂಕ ಅಳೆದದ್ದು ಅವಳ ಶೋಕವನ್ನೋ, ಊರಿನ ಕಟ್ಟಳೆಯನ್ನೋ? ‘ನೊ ಪೊದಿಯಾ’ ಎಂಬ ಸ್ಪ್ಯಾನಿಷ್ ಮಾತು ‘ನನ್ನಿಂದಾಗಲಿಲ್ಲ’ ಎಂದೂ ಆಗಬಹುದು, ‘ನನಗೆ ಅವಕಾಶವಿರಲಿಲ್ಲ’ ಎಂದೂ ಆಗಬಹುದು. ಇಂಗ್ಲಿಷ್ ಮೂಲಕ್ಕೂ ಇದೇ ಇಬ್ಬಗೆ ಇರುವುದರಿಂದ, ಹಿಮ್ಮರಳು ಅನುವಾದ ಈ ಬಿರುಕನ್ನು ಹಿಡಿಯಲಾರದು.

ಸತ್ತವರನ್ನು ಕಂಡೆ, ಅವರ ದನಿ ಕೇಳಿದೆ ಎಂಬ ಹೇಳಿಕೆಗಳೂ ಹೀಗೆಯೇ. ಜಟಿಲ ಶೋಕ ಪ್ರಶ್ನಾವಳಿಯಲ್ಲಿ ಅವಕ್ಕೆ ಅಂಕವಿದೆ. ಆದರೆ ವೈದ್ಯ ಡೆವಿ ರೀಸ್ ವೇಲ್ಸಿನ 293 ವಿಧವೆ-ವಿಧುರರನ್ನು ಮಾತಾಡಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನ ಸತ್ತ ಸಂಗಾತಿಯ ಇರವನ್ನು ಒಂದಿಲ್ಲೊಂದು ಬಗೆಯಲ್ಲಿ ಅನುಭವಿಸಿದ್ದರು. ನವೆಂಬರ್ 1 ಮತ್ತು 2ರಂದು ಸತ್ತವರನ್ನು ಮನೆಗೆ ಬರಮಾಡಿಕೊಳ್ಳುವ ಮೆಕ್ಸಿಕೊದಲ್ಲಿ ಅದೇ ಹೇಳಿಕೆಗೆ ಇನ್ನೊಂದು ತೂಕ. ಸ್ಪೇನಿಗೆ ಒಗ್ಗಿದ ಪ್ರಶ್ನಾವಳಿ ಸ್ಪ್ಯಾನಿಷ್ ಆಡುವ ನಾಡುಗಳಿಗೆಲ್ಲ ತಾನಾಗಿ ಒಗ್ಗಿತೆನ್ನುವಂತಿಲ್ಲ.

ಉಪಸಂಹಾರ

2022ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಆವೃತ್ತಿ ದೀರ್ಘಕಾಲೀನ ಶೋಕವನ್ನು ಒಂದು ಕಾಯಿಲೆಯೆಂದು ಹೆಸರಿಸಿದೆ. ಶೋಕ ಆರು ತಿಂಗಳಿಗೂ ಹೆಚ್ಚು ಕಾಲ, ಆಯಾ ಸಮಾಜ ಒಪ್ಪುವ ಮಿತಿಯನ್ನು ಮೀರಿ ಉಳಿದಿರಬೇಕೆಂಬುದು ಅದರ ನಿಬಂಧನೆ. ಆ ಮಿತಿಯನ್ನು ತಿಳಿದುಕೊಳ್ಳುವ ಹೊಣೆ ಪ್ರಶ್ನಾವಳಿ ಹಿಡಿದವರದ್ದು. ಈ ಒಂದು ಕಡೆ ಕನ್ನಡದ ನೆರವು ದೊಡ್ಡದು: ‘ಹೊರಗೆ ಹೋಗಲಾಗಲಿಲ್ಲ’ ಮತ್ತು ‘ಹೊರಗೆ ಹೋಗುವಂತಿರಲಿಲ್ಲ’ ಎಂಬ ಎರಡು ಮಾತುಗಳನ್ನು ಅದು ಬೇರೆಬೇರೆಯಾಗಿಯೇ ಇಟ್ಟಿದೆ. ಮೊದಲನೆಯದಕ್ಕೆ ವೈದ್ಯರು ಬೇಕು. ಎರಡನೆಯದಕ್ಕೆ ಬಾಗಿಲು ತೆರೆಯುವ ಮನೆಯವರು ಬೇಕು. ಯಾವ ನುಡಿಯಲ್ಲೇ ಆಗಲಿ, ಅಂಕ ಕೂಡಿಸುವ ಮೊದಲು ಈ ಎರಡರಲ್ಲಿ ಯಾವುದೆಂದು ಉತ್ತರಿಸಿದವರನ್ನೇ ಕೇಳಬೇಕು.