ಮೀನು ಸಂತಾನೋತ್ಪತ್ತಿ ವಿಜ್ಞಾನಿ

ಮೀನುಗಳ ಪ್ರಜನನ ಚಕ್ರವನ್ನು ಅಭ್ಯಸಿಸಿ, ಕೊಳದಲ್ಲಿ ತಾವಾಗಿ ಮೊಟ್ಟೆಯಿಡದ ಜಾತಿಗಳಿಂದಲೂ ಮರಿ ಪಡೆಯುವ ವಿಧಾನ ರೂಪಿಸುವ ವಿಜ್ಞಾನಿ. ಪ್ರಾಣಿ ಸಂತಾನೋತ್ಪತ್ತಿ ಎಂದೊಡನೆ ನೆನಪಾಗುವುದು ಹಸುವಿನ ಕೃತಕ ಗರ್ಭಧಾರಣೆ. ಭಾರತದಲ್ಲಿ ಅದು ಶುರುವಾದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿಯಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಆ ದಾರಿ ಹಿಡಿಯುವವರು ಪಶುವೈದ್ಯರಾಗಬೇಕು. ಕರಾವಳಿಯವರಿಗೆ ಇನ್ನೊಂದು ದಾರಿ ಹತ್ತಿರದಲ್ಲೇ ಇದೆ. ಫಲ್ಗುಣಿ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳುದಿಬ್ಬ ಮಂಗಳೂರಿನ ಬೆಂಗ್ರೆ. ಅಲ್ಲಿಂದ ಫೆರಿಯಲ್ಲಿ ಬಂದರಿಗೆ ದಾಟಿ ಬಂದರೆ, ಎಕ್ಕೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು. ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದೇ. ಈಗ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿ, ಸಿಇಟಿ ಬರೆದು, 4 ವರ್ಷದ ಬಿಎಫ್‌ಎಸ್‌ಸಿ. ಬಳಿಕ 2 ವರ್ಷದ ಎಂಎಫ್‌ಎಸ್‌ಸಿ, ಆಮೇಲೆ ಪಿಎಚ್‌.ಡಿ. ಪದವಿಗಳಿಗಿಂತ ಮುಖ್ಯವಾದದ್ದು ಕೈ ಪಳಗುವುದು, ಅದು ಆಗುವುದು ಕೊಳದ ಬದಿಯಲ್ಲಿ.

ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳು ಮಳೆಗಾಲದ ಹೊಸನೀರು ಹರಿಯುವ ನದಿಯಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಹೊಟ್ಟೆ ತುಂಬ ಮೊಟ್ಟೆಯಿದ್ದರೂ ಬಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ತೊಡಕು ಬಿಡಿಸಿದರು. ಆ ದಿನವೇ ಈಗ ರಾಷ್ಟ್ರೀಯ ಮೀನುಕೃಷಿಕರ ದಿನ. ಆದರೆ ಗ್ರಂಥಿಗಾಗಿ ಸತ್ತ ಮೀನುಗಳ ತಲೆ ಸೀಳಬೇಕಿತ್ತು, ಹೆಣ್ಣಿಗೆ ಕೆಲವು ಗಂಟೆ ಬಿಟ್ಟು ಎರಡು ಸಲ ಚುಚ್ಚಬೇಕಿತ್ತು. ಕೆನಡಾದಿಂದ ಬಂದ ಓವಾಪ್ರಿಮ್ ಎಂಬ ಔಷಧ ಒಂದೇ ಚುಚ್ಚುಮದ್ದಿನಲ್ಲಿ ಕೆಲಸ ಮುಗಿಸಿತು. ಅದರಲ್ಲಿರುವ ಕೃತಕ ಹಾರ್ಮೋನು ಪಿಟ್ಯುಟರಿಯನ್ನು ಎಬ್ಬಿಸಿದರೆ, ಜೊತೆಗಿರುವ ಡಾಂಪೆರಿಡೋನ್ ಆ ಗ್ರಂಥಿಯನ್ನು ತಡೆಹಿಡಿದಿರುವ ಡೋಪಮೈನಿನ ಹಿಡಿತ ಸಡಿಲಿಸುತ್ತದೆ. ನಮ್ಮ ಗೆಂಡೆ ಮೀನುಗಳ ಮೇಲೆ ಇದನ್ನು ಪರೀಕ್ಷಿಸಿದವರಲ್ಲಿ ಮಂಗಳೂರು ಕಾಲೇಜಿನ ಎಂ.ಸಿ. ನಂದೀಶ, ಪಿ. ಕೇಶವನಾಥ, ಟಿ.ಜೆ. ವರ್ಗೀಸ್ ಪ್ರಮುಖರು. ಕರ್ನಾಟಕದ ಕೃಷಿಹೊಂಡಗಳಿಗೆ ಮೀನುಮರಿ ಸುಲಭವಾಗಿ ಸಿಗುವುದರ ಹಿಂದೆ ಇಂಥ ಪ್ರಯೋಗಗಳಿವೆ. ಈ ವಿಜ್ಞಾನಿಗಳ ಹೆಸರು ಮಾತ್ರ ಹೊಂಡದ ದಂಡೆಯಲ್ಲಿ ಕೇಳಿಬರುವುದು ಕಡಿಮೆ.

ಸಂಜೆ ಹೊತ್ತಿಗೆ ತಾಯಿಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹುರುಪೆಯ ಸಂದಿಯಲ್ಲಿ ಸೂಜಿಯನ್ನು ಓರೆಯಾಗಿ ನುಗ್ಗಿಸುತ್ತಾರೆ. ತೂಕದ ಕಿಲೋಗೆ ಸುಮಾರು ಅರ್ಧ ಮಿಲಿ ಓವಾಪ್ರಿಮ್. ಬೆಳಗಾಗುವಷ್ಟರಲ್ಲಿ ಮೊಟ್ಟೆ. ಬೆಚ್ಚಗಿನ ನೀರಿನಲ್ಲಿ 14ರಿಂದ 18 ಗಂಟೆಗೆ ಅದು ಒಡೆದು ಮರಿ.

ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಪರೀಕ್ಷೆ ಗೆದ್ದವರು ಕೇಂದ್ರದ ಸಂಶೋಧನಾ ಸಂಸ್ಥೆಗಳಲ್ಲಿ ವಿಜ್ಞಾನಿಗಳಾಗುತ್ತಾರೆ. ಉಳಿದವರಿಗೆ ಕಾಲೇಜು ಬೋಧನೆ, ಮೀನುಗಾರಿಕೆ ಇಲಾಖೆ, ಖಾಸಗಿ ಸೀಗಡಿ ಮರಿ ಕೇಂದ್ರಗಳು. ಗೆಂಡೆ ಮೀನಿನ ಕೆಲಸವೆಲ್ಲ ಮಳೆಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ ಬೆಂಗ್ರೆಯ ಎದುರು ಬೋಟುಗಳು ಸಾಲಾಗಿ ನಿಂತಿರುವಾಗ, ಮರಿ ಕೇಂದ್ರದವರಿಗೆ ರಾತ್ರಿ ಪಾಳಿ.